ಗೇರು ಸಿಪ್ಪೆಯ ಎಣ್ಣೆ, ಲಾರಿಯ ಬ್ರೇಕು

ಬೀದರ್ ಗೋಡಂಬಿಯ ಸೀಮೆಯಲ್ಲ. ಭಾಲ್ಕಿ, ಔರಾದ್ ಕಡೆಯ ಹೊಲಗಳಲ್ಲಿ ತೊಗರಿ, ಸೋಯಾ, ಹೆಸರು, ಉದ್ದು, ನೀರಿದ್ದಲ್ಲಿ ಕಬ್ಬು. ಗೋಡಂಬಿ ಇಲ್ಲಿಗೆ ಬರುವುದು ಸಿಪ್ಪೆ ಕಳಚಿ ಬೆಳ್ಳಗಾಗಿ, ಕಿರಾಣಿ ಅಂಗಡಿಯ ಪೊಟ್ಟಣದಲ್ಲಿ. ಆ ಸಿಪ್ಪೆಯನ್ನು ಕಂಡವರು ಈ ಭಾಗದಲ್ಲಿ ಕಡಿಮೆ. ಆದರೆ ಔರಾದಿನಿಂದ ಸೋಯಾ ಹೇರಿಕೊಂಡು ಬೀದರಿನತ್ತ ಹೊರಟ ಲಾರಿ ಬ್ರೇಕ್ ಹಾಕಿದಾಗ, ಅದರ ಲೈನರ್‌ನಲ್ಲಿ ಗೇರು ಸಿಪ್ಪೆಯ ಎಣ್ಣೆಯಿಂದ ಮಾಡಿದ ಪುಡಿ ಇದ್ದರೆ ಆಶ್ಚರ್ಯವಿಲ್ಲ.

ಆ ಎಣ್ಣೆಯ ಗುಣವನ್ನು ದಖ್ಖನಿನ ಜನ ಬೇರೊಂದು ಕಾಯಿಯಲ್ಲಿ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಒಣ ಕಾಡುಗಳಲ್ಲಿ ಬೆಳೆಯುವ ಕರಿಗೇರು ಗೋಡಂಬಿಯ ಹತ್ತಿರದ ಬಂಧು. ಮಾವೂ ಅದೇ ಕುಟುಂಬದ್ದು. ಉರ್ದು ಮಾತಾಡುವವರಿಗೆ ಅದು ಭಿಲಾವಾ, ಮರಾಠಿಗರಿಗೆ ಬಿಬ್ಬಾ. ಅಗಸರು ಅದರ ಕಪ್ಪು ರಸಕ್ಕೆ ಸುಣ್ಣ ಸೇರಿಸಿ ಬಟ್ಟೆಗೆ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಗುರುತು ಹೋಗದು. ಅದೇ ರಸ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಆಯುರ್ವೇದದವರು ಇದನ್ನು ಭಲ್ಲಾತಕವೆಂದು ಔಷಧಕ್ಕೆ ಬಳಸುವ ಮುನ್ನ ಇಟ್ಟಿಗೆ ಪುಡಿಯಲ್ಲಿ ಉಜ್ಜಿ ಶುದ್ಧಿ ಮಾಡುವುದು ಅದಕ್ಕೇ.

ಎರಡೂ ಕಾಯಿಗಳ ರಸದಲ್ಲಿರುವುದು ಒಂದೇ ಬಗೆಯ ರಚನೆ: ಫೀನಾಲ್ ಜಾತಿಯ ಒಂದು ಉಂಗುರ, ಅದಕ್ಕೆ ಅಂಟಿದ 15 ಇಂಗಾಲದ ಉದ್ದನೆಯ ಬಾಲ. ಉಂಗುರ ಗಟ್ಟಿ ರಾಳವಾಗಿ ಹೆಣೆದುಕೊಳ್ಳಲು ಬಲ್ಲದು, ಬಾಲ ಆ ರಾಳಕ್ಕೆ ಬಾಗುವ ಗುಣ ಕೊಡುತ್ತದೆ. ಇಡೀ ಉದ್ಯಮ ನಿಂತಿರುವುದು ಈ ಜೋಡಿಯ ಮೇಲೆ.

ಗೇರು ಬೀಜದ ಸಿಪ್ಪೆಯ ಎರಡು ಪದರಗಳ ನಡುವೆ ಜೇನುಗೂಡಿನಂಥ ಭಾಗವಿದೆ. ಅದರ ತುಂಬ ಕಂದು ಬಣ್ಣದ ಮಂದ ದ್ರವ. ಸಿಪ್ಪೆಯ ತೂಕದಲ್ಲಿ ಸುಮಾರು ಕಾಲುಭಾಗ ಅದೇ. ಹಸಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಅನಕಾರ್ಡಿಕ್ ಆಮ್ಲ. ಕಾಯಿಸಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಕಾರ್ಡನಾಲ್ ಆಗುತ್ತದೆ. ಕಾರ್ಡನಾಲನ್ನು ಫಾರ್ಮಾಲ್ಡಿಹೈಡ್ ಜೊತೆ ಬೆರೆಸಿ ಬೇಯಿಸಿದರೆ ರಾಳ ಸಿದ್ಧ. ಆ ರಾಳವನ್ನು ಗಟ್ಟಿಯಾಗಿಸಿ ಅರೆದ ಪುಡಿಯೇ ಬ್ರೇಕ್ ಲೈನರ್‌ಗೆ ಸೇರುವುದು. ಸಾದಾ ಫೀನಾಲ್ ರಾಳ ಪೆಡಸು. ಈ ಪುಡಿ ಸೇರಿದರೆ ಲೈನರ್ ಮೆದುವಾಗಿ ಹಿಡಿಯುತ್ತದೆ, ಕಿರುಚಾಟ ತಗ್ಗುತ್ತದೆ. ಕಾರ್ಡನಾಲಿನಿಂದ ಎಪಾಕ್ಸಿ ಬಣ್ಣ ಗಟ್ಟಿಯಾಗಿಸುವ ರಾಸಾಯನಿಕವನ್ನೂ ತಯಾರಿಸುತ್ತಾರೆ. ಚಳಿಯಲ್ಲೂ ತೇವದ ಮೇಲೂ ಗಟ್ಟಿಯಾಗುವುದರಿಂದ ಹಡಗಿನ ಬಣ್ಣಕ್ಕೆ ಅದು ಬೇಕೇ ಬೇಕು.

ಈ ರಸಾಯನಶಾಸ್ತ್ರಕ್ಕೆ 20ನೇ ಶತಮಾನದ ಮೊದಲರ್ಧದಲ್ಲಿ ದಾರಿ ತೆರೆದವರಲ್ಲಿ ಅಮೆರಿಕದ ಮಾರ್ಟಿಮರ್ ಹಾರ್ವೆ ಮುಖ್ಯರು. ಆಗ ಕಚ್ಚಾಮಾಲು ಭಾರತದಿಂದ ಹಡಗೇರುತ್ತಿತ್ತು. ಈಗ ಕಾರ್ಡನಾಲ್ ಉತ್ಪನ್ನಗಳಿಗೆ ಹೆಸರಾದ ಅಮೆರಿಕದ ಕಾರ್ಡೊಲೈಟ್ ಕಂಪನಿಯೇ ಮಂಗಳೂರಿನಲ್ಲಿ ಕಾರ್ಖಾನೆ ನಡೆಸುತ್ತಿದೆ. ಗೋಡಂಬಿ ಸಂಶೋಧನೆಗೆಂದೇ 1986ರಲ್ಲಿ ಶುರುವಾದ ರಾಷ್ಟ್ರೀಯ ಕೇಂದ್ರ ಇರುವುದೂ ಕರಾವಳಿಯ ಆ ಸೀಮೆಯಲ್ಲೇ, ಪುತ್ತೂರಿನಲ್ಲಿ.

ಪೆಟ್ರೋಲಿಯಂನಿಂದ ಬರುವ ಫೀನಾಲ್‌ಗೆ ಬದಲಿಯಾಗಿ, ಯಾರ ಅನ್ನವನ್ನೂ ಕಸಿಯದೆ, ತಿರುಳು ತೆಗೆದುಳಿದ ಸಿಪ್ಪೆಯಿಂದ ಇಷ್ಟೆಲ್ಲ ಸಿಗುತ್ತದೆ ಎಂಬುದು ದೊಡ್ಡ ಸಂಗತಿ. ಎಣ್ಣೆ ಹಿಂಡಿ ಉಳಿದ ಹಿಂಡಿಯೂ ಬಾಯ್ಲರ್‌ಗೆ ಉರುವಲಾಗುತ್ತದೆ. ಆದರೆ ಬೀಜ ಒಡೆಯುವ ಹೆಂಗಸರ ಬೆರಳುಗಳನ್ನು ಸುಡುವುದೂ ಇದೇ ಎಣ್ಣೆ. ಬೂದಿ ಮೆತ್ತಿಕೊಂಡೋ ಕೊಬ್ಬರಿ ಎಣ್ಣೆ ಸವರಿಕೊಂಡೋ ಅವರು ಕೆಲಸಕ್ಕೆ ಕೂರುತ್ತಾರೆ. ಎಷ್ಟೋ ಕಡೆ ಅವರ ಕೂಲಿ ನಿರ್ಧಾರವಾಗುವುದು ತಿರುಳಿನ ತೂಕದ ಮೇಲೆ. ಸಿಪ್ಪೆ ಮಾರಿ ಬಂದ ಹಣದಲ್ಲಿ ಒಂದು ಪಾಲು ಅವರ ಕೈಗವಸಿಗೆ, ಚರ್ಮದ ಚಿಕಿತ್ಸೆಗೆ ಮೀಸಲಾಗಲೇಬೇಕು.