ಋಣ ಹರಿದ ಮೇಲೂ ಬಾಗಿಲು ತಟ್ಟುವವರು

ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ನಮ್ಮ ಸದಸ್ಯರೊಬ್ಬರು ಸಂಘದ ಕಛೇರಿಗೆ ಬಂದು ಬಹಳ ಹೊತ್ತು ಮಾತಿಲ್ಲದೆ ಕುಳಿತರು. ಎರಡು ಮಳೆಗಾಲ ಅಡಿಕೆಗೆ ಕೊಳೆ ಬಿದ್ದು, ಸಾಲ ಮೈಮೇಲೆ ಬಂದು, ಕೊನೆಗೆ ನ್ಯಾಯಾಲಯದಲ್ಲಿ ದಿವಾಳಿ ಘೋಷಣೆ ಪಡೆದವರು ಅವರು. ಇದ್ದದ್ದು ಮಾರಾಟವಾಗಿ ಸಾಲಿಗರಿಗೆ ಹಂಚಿಕೆಯಾಯಿತು. ಡಿಸ್ಚಾರ್ಜ್ ಆದೇಶ, ಅಂದರೆ ಋಣವಿಮುಕ್ತಿಯೂ ದೊರೆಯಿತು. ಈಗ ತಮ್ಮನ ತೋಟ ನೋಡಿಕೊಂಡಿದ್ದಾರೆ. ಆದರೂ ಹಳೆಯ ಕೈಸಾಲದ ವಸೂಲಿಗೆಂದು ಇಬ್ಬರು ಕಣಕ್ಕೇ ಬಂದು, ಆಳುಗಳೆದುರು ಕೂಗಾಡಿ, ಹೊಸ ಪ್ರೋನೋಟಿಗೆ ರುಜು ಕೇಳಿದರಂತೆ. ಆದೇಶದ ಕಾಗದವನ್ನು ಇವರು ನಾಚಿಕೆಯಿಂದ ಪೆಟ್ಟಿಗೆಯ ತಳದಲ್ಲಿಟ್ಟಿದ್ದರು!

ನಾಚುವ ಕಾಗದವಲ್ಲ ಅದು. 1920ರ ಪ್ರಾಂತೀಯ ದಿವಾಳಿ ಕಾಯಿದೆಯ 44ನೆಯ ಕಲಮಿನಂತೆ, ದಿವಾಳಿ ವ್ಯವಹಾರದಲ್ಲಿ ರುಜುವಾತು ಮಾಡಬಹುದಾಗಿದ್ದ ಸಾಲಗಳಿಂದ ಸಾಲಗಾರನಿಗೆ ಬಿಡುಗಡೆಯಾಗುತ್ತದೆ. ಸಾಲಿಗ ಆಗ ಸುಮ್ಮನಿದ್ದು ಈಗ ಬಂದೆನೆಂದರೆ ನಡೆಯದು.

ಆದರೆ ಎಲ್ಲವೂ ಹರಿಯಿತೆಂದು ಭಾವಿಸಲಾಗದು. ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ, ವಂಚನೆಯಿಂದ ಮಾಡಿದ ಸಾಲ, ನ್ಯಾಯಾಲಯ ವಿಧಿಸಿದ ಜೀವನಾಂಶ, ಇವು ಉಳಿಯುತ್ತವೆ. ಅಡಮಾನ ಪಡೆದವನಿಗೆ ಅಡಮಾನದ ಆಸ್ತಿಯ ಮೇಲಿನ ಹಕ್ಕೂ ಇರುತ್ತದೆ.

ವಸೂಲಿಗಾರರು ಬಂದರೆ ಹೀಗೆ ಮಾಡಿರಿ. ಆದೇಶದ ದೃಢೀಕೃತ ನಕಲುಗಳನ್ನು ಪಡೆದಿಡಿ. ಬಂದವರ ಹೆಸರು, ಯಾರ ಪರವಾಗಿ ಬಂದರು, ಯಾವ ಸಾಲ ಎಂಬುದನ್ನು ಬರೆದುಕೊಳ್ಳಿ. ಸಾಲಿಗನಿಗೆ ಪತ್ರದೊಡನೆ ಒಂದು ನಕಲು ಕಳುಹಿಸಿ, ಅಂಚೆಯ ರಶೀದಿ ಜೋಪಾನ ಮಾಡಿರಿ. ವಕೀಲರನ್ನು ಕೇಳದೆ ಯಾವ ಕಾಗದಕ್ಕೂ ರುಜು ಹಾಕಬೇಡಿ. ಪೀಡೆ ತೊಲಗಲೆಂದು ಅಷ್ಟಿಷ್ಟು ಹಣವನ್ನೂ ಕೊಡಬೇಡಿ. ಬ್ಯಾಂಕಿನ ಏಜೆಂಟರು ಬೆಳಿಗ್ಗೆ 8ಕ್ಕೆ ಮುನ್ನ, ಸಂಜೆ 7ರ ನಂತರ ಬಾಕಿ ಸಾಲಕ್ಕೂ ಫೋನ್ ಮಾಡಬಾರದೆಂದು, ಬೆದರಿಸಿ ಅವಮಾನಿಸಬಾರದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ತಿಳಿಸಿದೆ. ಮೀರಿದರೆ ಮೊದಲು ಆ ಬ್ಯಾಂಕಿಗೇ ಲಿಖಿತ ದೂರು ಕೊಡಿ. ಕೈಮಾಡಿದರೆ, ಜೀವಬೆದರಿಕೆ ಹಾಕಿದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ.

ನಮ್ಮ ಸದಸ್ಯರು ಹೀಗೆಯೇ ಪತ್ರ ಬರೆದರು. ಆ ಇಬ್ಬರು ಮತ್ತೆ ಕಣಕ್ಕೆ ಬರಲಿಲ್ಲ. ಆದರೆ ಹೊರಡುವಾಗ ಅವರು ಕೇಳಿದ ಪ್ರಶ್ನೆ ನಮ್ಮನ್ನು ಕಾಡಿತು: "ಬೇರೊಂದು ಸಾಲಕ್ಕೆ ಜಾಮೀನು ನಿಂತ ಪಕ್ಕದ ಮನೆಯವರ ಗತಿ ಏನು?"

ಅದೇ ಕಾಯಿದೆ ಜಾಮೀನುದಾರನನ್ನು ಬಿಡುಗಡೆ ಮಾಡುವುದಿಲ್ಲ. ಇಬ್ಬರನ್ನೂ ಕೂರಿಸಿ, ಸಾಲ ಕೊಟ್ಟವರೊಡನೆ ಮಾತನಾಡಿ ಕಂತು ಗೊತ್ತುಮಾಡಿಸಿದೆವು. ಕಾನೂನು ಕೇಳದಿದ್ದರೂ ಆ ಕಂತಿಗೆ ಇವರೂ ಕೈಲಾದಷ್ಟು ಸೇರಿಸುತ್ತಿದ್ದಾರೆ.

ಸಂಘವೂ ಸಾಲ ಕೊಡುವ ಸಂಸ್ಥೆಯೇ. ಕೊಟ್ಟದ್ದು ಮರಳಬೇಕೆಂಬುದೇ ನಮ್ಮ ಆಸೆ. ಆದರೆ ಕಾನೂನು ಹರಿಸಿದ ಋಣಕ್ಕೆ ಅಂಜಿ ಸದಸ್ಯರಾರೂ ಕಣ ಬಿಟ್ಟು ಅಡಗುವಂತಾಗಬಾರದು. ಕಾಗದ ಹಿಡಿದು ಕಛೇರಿಗೆ ಬನ್ನಿರಿ.