ರೋಗವನ್ನು ಮಗನ ಮೈಗೇ ಹಚ್ಚಿದ ವೈದ್ಯ!

ಊರಿಗೆ ಸಿಡುಬು ನುಗ್ಗಿದೆ. ನಿಮ್ಮ ಆರು ವರ್ಷದ ಮಗ ಗಟ್ಟಿಮುಟ್ಟಾಗಿ ಆಡಿಕೊಂಡಿದ್ದಾನೆ. ಅವನ ಚರ್ಮ ಕೊಯ್ದು, ರೋಗಿಯ ಗುಳ್ಳೆಯ ಕೀವನ್ನು ನಿಮ್ಮ ಕೈಯಾರೆ ಹಚ್ಚುತ್ತೀರಾ?

ಜಾಬ್ಡಿಯಲ್ ಬಾಯ್ಲ್‌ಸ್ಟನ್ ಹಚ್ಚಿಯೇಬಿಟ್ಟ! ಊರು, ಅಮೆರಿಕದ ಬಾಸ್ಟನ್. ದಿನ, 1721ರ ಜೂನ್ 26. ಅಂದೇ ಇನ್ನಿಬ್ಬರಿಗೂ ಹಚ್ಚಿದ: ಮನೆಯ ಗುಲಾಮ ಜ್ಯಾಕ್ ಮತ್ತು ಜ್ಯಾಕ್‌ನ ಎರಡೂವರೆ ವರ್ಷದ ಕಂದ. ಬೇಡವೆನ್ನಲು ಗುಲಾಮನಿಗೆ ಹಕ್ಕಾದರೂ ಎಲ್ಲಿತ್ತು?

ಬಾಯ್ಲ್‌ಸ್ಟನ್ ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತಿದವನೇ ಅಲ್ಲ! ಕಲಿತದ್ದು ತಂದೆಯಿಂದ. ಊರಲ್ಲಿ ಪದವಿ ಪಡೆದ ಒಬ್ಬನೇ ಒಬ್ಬ ವೈದ್ಯನಿದ್ದ, ವಿಲಿಯಂ ಡಗ್ಲಾಸ್. ಎಲ್ಲರಿಗಿಂತ ಜೋರಾಗಿ ವಿರೋಧಿಸಿದವನೂ ಅವನೇ!

ಹಾಗಾದರೆ ಈ ವಿದ್ಯೆ ಬಂದದ್ದೆಲ್ಲಿಂದ? ಊಹಿಸಿ. ಲಂಡನ್ನಿನಿಂದಲೇ? ಪ್ಯಾರಿಸ್ಸಿನಿಂದಲೇ?

ಆಫ್ರಿಕಾದಿಂದ! ಪಾದ್ರಿ ಕಾಟನ್ ಮ್ಯಾದರನ ಮನೆಯಲ್ಲಿ ಒನೆಸಿಮಸ್ ಎಂಬ ಗುಲಾಮನಿದ್ದ. ನಿನಗೆ ಸಿಡುಬು ಆಗಿತ್ತೇ ಎಂದು ಕೇಳಿದರೆ, ಆಗಿತ್ತೂ ಹೌದು, ಇಲ್ಲವೂ ಹೌದು ಎಂದ. ತೋಳಿನ ಕಲೆ ತೋರಿಸಿದ. ತಮ್ಮ ಕಡೆ ಹೀಗೆ ಹಚ್ಚಿ ಸಿಡುಬಿನಿಂದ ಪಾರಾಗುತ್ತಾರೆ ಎಂದ. ಊರಿಗೆ ಸಿಡುಬು ಬಂದಾಗ ಮ್ಯಾದರ್ ವೈದ್ಯರಿಗೆಲ್ಲ ಬರೆದ. ಮುಂದೆ ಬಂದವನು ಬಾಯ್ಲ್‌ಸ್ಟನ್ ಒಬ್ಬನೇ!

ಊರು ಕೆರಳಿತು. ನವೆಂಬರಿನ ಒಂದು ರಾತ್ರಿ ಮ್ಯಾದರನ ಮನೆಯೊಳಕ್ಕೆ ಕೈಬಾಂಬ್ ಬಿತ್ತು! ಕಿಟಕಿಗೆ ತಾಗಿ ಅದರ ಬತ್ತಿ ಕಳಚಿಕೊಂಡದ್ದರಿಂದ ಸಿಡಿಯಲಿಲ್ಲ.

ಪತ್ರಿಕೆಯೊಂದು ಈ ಚಿಕಿತ್ಸೆಯನ್ನು ಜರಿಯತೊಡಗಿತು. ಅದರ ಅಚ್ಚುಕೂಟದಲ್ಲಿ ಅಣ್ಣನ ಕೈಕೆಳಗೆ ದುಡಿಯುತ್ತಿದ್ದ ಹದಿನೈದರ ಹುಡುಗ ಯಾರು ಗೊತ್ತೇ? ಬೆಂಜಮಿನ್ ಫ್ರಾಂಕ್ಲಿನ್! ವಿಧಿಯಾಟ ನೋಡಿ. 1736ರಲ್ಲಿ ಅವನ ನಾಲ್ಕು ವರ್ಷದ ಮಗನನ್ನೇ ಸಿಡುಬು ಕೊಂಡೊಯ್ದಿತು. ಆ ಮಗುವಿಗೆ ಕೀವು ಹಚ್ಚಿಸಿರಲಿಲ್ಲ. ಆ ಕೊರಗನ್ನು ಫ್ರಾಂಕ್ಲಿನ್ ಆತ್ಮಕಥೆಯಲ್ಲೇ ಬರೆದುಕೊಂಡ.

ಈಗ ಅಂಕಿಗಳಿಗೆ ಬನ್ನಿ! ಸುಮಾರು 11,000 ಜನರ ಊರು. ತಾನಾಗಿ ಸಿಡುಬು ಹತ್ತಿದವರು ಆರು ಸಾವಿರದ ಹತ್ತಿರ. ಸತ್ತವರು 844. ಅಂದರೆ ಏಳರಲ್ಲಿ ಒಬ್ಬರು!

ಬಾಯ್ಲ್‌ಸ್ಟನ್ ಕೀವು ಹಚ್ಚಿದ್ದು 240ಕ್ಕೂ ಹೆಚ್ಚು ಮಂದಿಗೆ. ಅವರಲ್ಲಿ ಸತ್ತವರೆಷ್ಟು? ನೂರು? ಐವತ್ತು?

ಆರು! ಬರೀ ಆರು! ನಲವತ್ತರಲ್ಲಿ ಒಬ್ಬರು!

ಆ ಆರು ಸಾವುಗಳನ್ನೂ ಅವನು ಮುಚ್ಚಿಡಲಿಲ್ಲ. ರೋಗಿಗಳ ವಯಸ್ಸು, ಜ್ವರ, ಗುಳ್ಳೆ, ಸಾವು ಎಲ್ಲವನ್ನೂ ಲೆಕ್ಕವಿಟ್ಟು 1726ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿದ. ಅದೇ ವರ್ಷ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಎಡ್ವರ್ಡ್ ಜೆನ್ನರನ ಸಿಡುಬಿನ ಲಸಿಕೆಗೆ ಆಗಿನ್ನೂ 70 ವರ್ಷ ಬಾಕಿ!

ಹಾಂ, ಆ ಮೊದಲ ಮೂವರ ಕಥೆ? ಮಕ್ಕಳಿಬ್ಬರಿಗೂ ಜ್ವರ ಬಂತು, ಗುಳ್ಳೆ ಎದ್ದವು. ಆಮೇಲೆ ಎಲ್ಲ ಇಳಿಯಿತು. ಯಜಮಾನನ ಮಗ, ಗುಲಾಮ, ಗುಲಾಮನ ಮಗ, ಮೂವರೂ ಬದುಕಿದರು! ಮೂವರಿಗೂ ಉಳಿದದ್ದು ಒಂದೇ ಗುರುತು: ಒನೆಸಿಮಸ್ ತೋರಿಸಿದ್ದನಲ್ಲ, ಅಂಥದೇ ಕಲೆ.