ಹೆಣ್ಣುಮಕ್ಕಳ ಕೈಯಲ್ಲಿ ಥ್ರಿಲ್ಲರ್ ಕಂಡರೆ ಗಾಬರಿ ಯಾಕೆ?

"ಹೆಣ್ಣುಮಕ್ಕಳು ಥ್ರಿಲ್ಲರ್ ಕಾದಂಬರಿ ಓದಬಹುದಾ ಉಸ್ತಾದ್?" ಕಳೆದ ರಮಝಾನಿನಿಂದ ಈಚೆಗೆ ಈ ಪ್ರಶ್ನೆ ಮೂರು ಮನೆಗಳಿಂದ ನನ್ನ ಬಳಿ ಬಂದಿದೆ. ಒಂದು ಇಳಕಲ್ಲಿನ ನೇಕಾರರ ಮನೆ. ಇನ್ನೊಂದು ಬಾಗಲಕೋಟೆ ನವನಗರದ ಬಾಡಿಗೆ ಮನೆ. ಮೂರನೆಯದು ಹುನಗುಂದದಲ್ಲಿ ಬೇಕರಿ ಇಟ್ಟಿರುವ ನಮ್ಮ ಕರಾವಳಿಯದೇ ಬ್ಯಾರಿ ಕುಟುಂಬ. ಊರು ಬಿಟ್ಟು ಬಂದು ಈ ಸೀಮೆಯಲ್ಲಿ ಮದ್ರಸ ನಡೆಸುವ ನನ್ನಂಥವರಿಗೆ ನಮಾಝ್, ಝಕಾತ್, ತಲಾಖ್ ಬಗ್ಗೆ ಪ್ರಶ್ನೆಗಳು ಬರುವುದು ಮಾಮೂಲು. ಕಾದಂಬರಿಯೊಂದನ್ನು ಮುಂದೆ ಇಟ್ಟು ಇದು ಹಲಾಲೋ ಹರಾಮೋ ಎಂದು ಕೇಳುವುದು ನನಗೂ ಹೊಸತು.

ಹುನಗುಂದದ ಮನೆಯ ವಿಷಯ ಸ್ವಲ್ಪ ಗಂಭೀರವಾಗಿತ್ತು. ಮಗಳು ಪಿಯುಸಿ ಎರಡನೇ ವರ್ಷ. ಬಸ್ಸಿನಲ್ಲಿ ಅವಳು ಏನೋ ಇಂಗ್ಲಿಷ್ ಪುಸ್ತಕ ಓದುತ್ತಿದ್ದುದನ್ನು ಯಾರೋ ಕಂಡಿದ್ದಾರೆ. "ನಿಮ್ಮ ಹುಡುಗಿ ಲವ್ ಸ್ಟೋರಿ ಓದ್ತಾಳೆ" ಎಂದು ಬೇಕರಿಗೆ ಬಂದು ಹೇಳಿದ್ದಾರೆ. ಬಾಪ್ಪ ಹಿಂದೆಮುಂದೆ ನೋಡಲಿಲ್ಲ. ಪುಸ್ತಕ ಕಿತ್ತುಕೊಂಡರು, ಪರೀಕ್ಷೆ ಮುಗಿದ ಮೇಲೆ ಕಾಲೇಜೂ ಸಾಕು ಎಂದುಬಿಟ್ಟರು. ಪುಸ್ತಕದ ಒಂದು ಪುಟವನ್ನೂ ಅವರು ತಿರುಗಿಸಿರಲಿಲ್ಲ. ಹೇಳಿದವರೂ ತಿರುಗಿಸಿರಲಿಲ್ಲ.

"ಪುಸ್ತಕ ಒಂದು ವಾರ ನನ್ನ ಹತ್ತಿರ ಇರಲಿ, ಆಮೇಲೆ ಮಾತಾಡೋಣ" ಎಂದೆ. ಅದು ಹರಿಂದರ್ ಸಿಕ್ಕಾ ಬರೆದ 'ಕಾಲಿಂಗ್ ಸೆಹಮತ್'. ಬರೆದವರು ನೌಕಾಪಡೆಯ ನಿವೃತ್ತ ಅಧಿಕಾರಿ. 2008ರಲ್ಲಿ ಬಂದ ಈ ಪುಸ್ತಕವನ್ನೇ ಆಧರಿಸಿ 2018ರಲ್ಲಿ ಮೇಘನಾ ಗುಲ್ಝಾರ್ 'ರಾಝಿ' ಸಿನಿಮಾ ಮಾಡಿದರು. ಸೆಹಮತ್ ಕಾಶ್ಮೀರದ ಮುಸ್ಲಿಂ ಹುಡುಗಿ. 1971ರ ಯುದ್ಧದ ಹೊತ್ತಿಗೆ ಪಾಕಿಸ್ತಾನದ ಸೇನಾಧಿಕಾರಿಯ ಮನೆಗೆ ಸೊಸೆಯಾಗಿ ಹೋಗಿ, ಅಲ್ಲಿಂದ ಭಾರತಕ್ಕೆ ಗುಟ್ಟು ಕಳಿಸುತ್ತಾಳೆ. ನನ್ನ ಪಿಯುಸಿ ಇಂಗ್ಲಿಷಿನಲ್ಲಿ ಓದಲು ಒಂದು ವಾರ ಸಾಲಲಿಲ್ಲ, ಹತ್ತು ದಿನ ಹಿಡಿಯಿತು. ಆದರೂ ಕೆಳಗಿಡಲು ಮನಸ್ಸು ಬಾರಲಿಲ್ಲ ಅನ್ನುವುದು ನಿಜ. ಮುಂದಿನ ಪುಟದಲ್ಲಿ ಸಿಕ್ಕಿಬೀಳುತ್ತಾಳೋ ಏನೋ ಎಂಬ ಎದೆಬಡಿತ ಕೊನೆಯವರೆಗೂ ಬಿಡುವುದಿಲ್ಲ.

ಲವ್ ಸ್ಟೋರಿ ಅಲ್ಲವೇ ಅಲ್ಲ. ಆದರೆ ನನಗೆ ಒಪ್ಪಿಗೆಯಾಗದ ಸಂಗತಿ ಅದರಲ್ಲಿ ಇದೆ. ನಿಕಾಹ್ ಎಂಬುದು ಒಂದು ಕರಾರು, ಅಮಾನತ್. ಅದನ್ನು ಬೇಹುಗಾರಿಕೆಗೆ ಮೆಟ್ಟಿಲು ಮಾಡಿಕೊಳ್ಳುವುದು, ನಂಬಿದ ಮನೆಯೊಳಗೇ ಪ್ರಾಣ ತೆಗೆಯುವುದು ಓದುವಾಗ ಮನಸ್ಸಿಗೆ ಕಸಿವಿಸಿಯಾಯಿತು. ಗುಟ್ಟು ತಿಳಿದ ಮನೆಯಾಳು ಅಬ್ದುಲ್‌ನ ಮೇಲೆ ಅವಳು ವಾಹನ ಹಾಯಿಸುವ ಭಾಗದಲ್ಲಿ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆಮೇಲೆ ಬಾಪ್ಪನ ಎದುರೇ ಹುಡುಗಿಯನ್ನು ಕೇಳಿದೆ, "ಓದಿ ಏನನ್ನಿಸಿತು ಮೋಳೇ?" ಅವಳು ಹೇಳಿದ್ದು ಇಷ್ಟು: "ಅವಳ ಧೈರ್ಯ ಇಷ್ಟ ಆಯ್ತು ಉಸ್ತಾದ್. ಆದ್ರೆ ಗಂಡ ಅವಳನ್ನ ಅಷ್ಟು ನಂಬಿದ್ದ. ಅದು ಅಮಾನತಿಗೆ ದ್ರೋಹ ಆಗೋದಿಲ್ವಾ? ಯುದ್ಧ ಅಂದ್ರೆ ಮಾಫಿ ಉಂಟಾ?" ಐದಾರು ವರ್ಷ ನಾವು ಮದ್ರಸದಲ್ಲಿ ಅಮಾನತ್ ಎಂಬ ಪಾಠ ಮಾಡಿದ್ದೇವೆ. ಇಂಥ ಪ್ರಶ್ನೆಯನ್ನು ಒಂದು ಮಗುವೂ ಕೇಳಿರಲಿಲ್ಲ. ಬಾಪ್ಪ ಮಗಳ ಮುಖ ನೋಡಿದರು. ಅಷ್ಟು ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಉಮ್ಮ ಮಾತ್ರ ಮೆಲ್ಲಗೆ, "ಅವಳು ಕೊನೆಗೆ ಮನೆಗೆ ವಾಪಸ್ ಬರ್ತಾಳಾ ಇಲ್ವಾ, ಅದೊಂದು ಹೇಳಿ" ಅಂದರು. ಮಗಳು ರಾತ್ರಿ ರಾತ್ರಿ ಅವರಿಗೆ ಅರ್ಧ ಕಥೆ ಹೇಳಿದ್ದಳಂತೆ.

ಕಥೆ ಓದುವುದೇ ತಪ್ಪು ಎನ್ನುವವರು ಸೂರಃ ಲುಖ್ಮಾನಿನ 6ನೇ ಆಯತ್ ತೋರಿಸುತ್ತಾರೆ. ವ್ಯರ್ಥ ಮಾತುಗಳನ್ನು ಕೊಂಡು ಜನರನ್ನು ಅಲ್ಲಾಹನ ದಾರಿಯಿಂದ ತಪ್ಪಿಸುವವರ ಬಗ್ಗೆ ಅಲ್ಲಿ ಎಚ್ಚರಿಕೆ ಇದೆ. ತಫ್ಸೀರುಗಳಲ್ಲಿ ಇದರ ಹಿನ್ನೆಲೆಯಾಗಿ ನಳ್‌ರ್ ಬಿನ್ ಹಾರಿಸ್‌ನ ಹೆಸರು ಬರುತ್ತದೆ. ಅವನು ಪರ್ಷಿಯಾ ಕಡೆ ವ್ಯಾಪಾರಕ್ಕೆ ಹೋಗಿ ರುಸ್ತುಂ, ಇಸ್ಫಂದಿಯಾರರ ಕಥೆ ಕಲಿತು ಬಂದು, ಪ್ರವಾದಿ(ಸ)ಯವರ ಮಾತು ಕೇಳಲು ಹೋಗುವವರನ್ನು ತಡೆದು ಕೂರಿಸಿ, ನನ್ನ ಕಥೆ ಅದಕ್ಕಿಂತ ಚಂದ ಎನ್ನುತ್ತಿದ್ದ. ಇಲ್ಲಿ ಅಪರಾಧ ರುಸ್ತುಂನದ್ದಲ್ಲ. ಜನರನ್ನು ತಡೆಯಲು ಕಥೆಯನ್ನು ಬಳಸಿದ ಉದ್ದೇಶದ್ದು. (ಕೆಲವು ಸಹಾಬಿಗಳು ಈ ಆಯತನ್ನು ಹಾಡಿನ ಬಗ್ಗೆ ಎಂದೂ ವಿವರಿಸಿದ್ದಾರೆ, ಆ ಚರ್ಚೆ ಇವತ್ತು ಬೇಡ.) ಅದೇ ಖುರ್‌ಆನಿನಲ್ಲಿ ಸೂರಃ ಯೂಸುಫ್ ತನ್ನನ್ನು ಅತ್ಯುತ್ತಮ ಕಥನ ಎಂದು ಕರೆದುಕೊಳ್ಳುತ್ತದೆ. ಒಂದು ಸೂರತಿಗೆ 'ಖಸಸ್', ಅಂದರೆ ಕಥನ ಎಂದೇ ಹೆಸರು.

ಆ ಸೂರಃ ಖಸಸ್‌ನಲ್ಲೇ ಒಬ್ಬ ಹುಡುಗಿ ಇದ್ದಾಳೆ. ಫಿರ್‌ಔನನ ಸೈನಿಕರು ಗಂಡುಕೂಸುಗಳನ್ನು ಕೊಲ್ಲುತ್ತಿದ್ದ ಕಾಲ. ತಾಯಿ ಕೂಸು ಮೂಸಾ(ಅ)ರನ್ನು ನದಿಗೆ ಬಿಟ್ಟು, ಹಿಂಬಾಲಿಸು ಎಂದು ಅಕ್ಕನಿಗೆ ಹೇಳುತ್ತಾರೆ. ಅವಳು ಯಾರಿಗೂ ಸಂಶಯ ಬಾರದ ಹಾಗೆ ದೂರದಿಂದ ನೋಡುತ್ತಾ ಹೋಗುತ್ತಾಳೆ. ಅರಮನೆಯಲ್ಲಿ ಕೂಸು ಯಾರ ಹಾಲನ್ನೂ ಕುಡಿಯುವುದಿಲ್ಲ. ಆಗ ಇವಳು ಏನೂ ಗೊತ್ತಿಲ್ಲದವಳ ಹಾಗೆ ಮುಂದೆ ಬಂದು, ಸಾಕುವ ಒಂದು ಮನೆ ತೋರಿಸಲೇ ಎಂದು ಕೇಳುತ್ತಾಳೆ. ಕೂಸು ಮರಳಿ ತಾಯಿಯ ಮಡಿಲಿಗೇ ಬರುತ್ತದೆ. ಒಂದು ಮಾತು ಹೆಚ್ಚು ಕಡಿಮೆ ಆಗಿದ್ದರೆ ಎಲ್ಲ ಮುಗಿಯುತ್ತಿತ್ತು. ಇದನ್ನು ಮಕ್ಕಳಿಗೆ ಓದಿ ಹೇಳುವಾಗ ತರಗತಿಯಲ್ಲಿ ಬೆಂಚು ಅಲುಗಿದ ಸದ್ದು ಕೂಡ ಇರುವುದಿಲ್ಲ.

ಹಿಜ್ರಾದ ಕಥೆ ಇದಕ್ಕಿಂತ ಬಿರುಸು. ಸೌರ್ ಗುಹೆಯಲ್ಲಿ ಮೂರು ರಾತ್ರಿ. ಅಬೂಬಕ್ಕರ್(ರ)ರ ಮಗ ಅಬ್ದುಲ್ಲಾ ಹಗಲು ಮಕ್ಕಾದಲ್ಲಿ ಸುದ್ದಿ ಕೂಡಿಸಿ ರಾತ್ರಿ ತರುತ್ತಿದ್ದರು. ಆಮಿರ್ ಬಿನ್ ಫುಹೈರಾ ಅದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ಬಂದು ಹೆಜ್ಜೆಗುರುತು ಅಳಿಸುತ್ತಿದ್ದರು. ಬುತ್ತಿ ಕಟ್ಟಲು ಹಗ್ಗ ಇಲ್ಲದಾಗ ಅಸ್ಮಾ(ರ) ತಮ್ಮ ಸೊಂಟಪಟ್ಟಿಯನ್ನೇ ಎರಡಾಗಿ ಸೀಳಿದರು. ಅಬೂಜಹಲ್ ಮನೆ ಬಾಗಿಲಿಗೆ ಬಂದು ತಂದೆ ಎಲ್ಲಿ ಎಂದು ಕೇಳಿದ, ಅವರು ಬಾಯಿ ಬಿಡಲಿಲ್ಲ. ಕೆನ್ನೆಗೆ ಹೊಡೆದ ಏಟಿಗೆ ಕಿವಿಯೋಲೆ ಹಾರಿಬಿತ್ತು, ಆದರೂ ಬಿಡಲಿಲ್ಲ. ಇದನ್ನು ಮೀಲಾದ್ ಸ್ಟೇಜಿನಲ್ಲಿ ಮಕ್ಕಳಿಂದ ಭಾಷಣ ಮಾಡಿಸುತ್ತೇವೆ, ಬಹುಮಾನ ಕೊಡುತ್ತೇವೆ. ಅದೇ ಮಗು ಧೈರ್ಯವಂತ ಹೆಣ್ಣಿನ ಕಥೆಯನ್ನು ಪುಸ್ತಕದಲ್ಲಿ ಹುಡುಕಿ ಓದಿದರೆ ಹೆದರುತ್ತೇವೆ.

ಬ್ಯಾರಿ ಮನೆಗಳಿಗೆ ಸಾಹಸದ ಕಥೆ ಹೊರಗಿನಿಂದ ಬಂದದ್ದೂ ಅಲ್ಲ. ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅರಬಿ ಮಲಯಾಳದಲ್ಲಿ 'ಬದರುಲ್ ಮುನೀರ್ ಹುಸ್ನುಲ್ ಜಮಾಲ್' ಬರೆದರು. ರಾಜಕುಮಾರಿ, ಮಂತ್ರಿಯ ಮಗ, ಜಿನ್ನುಗಳು, ದೇಶಾಂತರ, ಎಲ್ಲವೂ ಅದರಲ್ಲಿ ಉಂಟು. ನಮ್ಮ ಅಜ್ಜಿಯಂದಿರು ಬೀಡಿ ಸುತ್ತುತ್ತಾ ಹೇಳುತ್ತಿದ್ದ ಪಾಟ್ಟುಗಳ ಮೂಲ ಇಂಥವೇ. ಇನ್ನು ಇಳಕಲ್ಲಿನ ದಖನಿ ಮನೆಗಳಲ್ಲಿ ಹಿರಿಯರ ಟ್ರಂಕು ತೆಗೆದರೆ ಇಬ್ನೆ ಸಫಿಯ ಉರ್ದು ಪತ್ತೇದಾರಿ ಕಾದಂಬರಿಗಳು ಸಿಗುತ್ತವೆ. 1952ರಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಶುರು ಮಾಡಿದ ಈ ಮನುಷ್ಯ, ಮುಂದಿನ 'ಇಮ್ರಾನ್' ಸರಣಿಯಲ್ಲಿ ಜೂಲಿಯಾನಾ ಎಂಬ ಹೆಂಗಸನ್ನು ಗುಪ್ತಚರ ಪಡೆಯ ಮುಂದಾಳುಗಳಲ್ಲಿ ಒಬ್ಬಳಾಗಿ ನಿಲ್ಲಿಸಿದ. ಮೊಮ್ಮಗಳಿಗೆ ಬೈದ ಇಳಕಲ್ಲಿನ ಅಜ್ಜ ಸ್ವತಃ ಇದನ್ನೆಲ್ಲ ಓದಿದವರು! ನೆನಪಿಸಿದಾಗ ನಕ್ಕು, "ಓ ಅಲಗ್ ಬಾತ್ ಹೈ ಹಝ್ರತ್" ಎಂದರು.

ಈ ಸೀಮೆಯ ಮಕ್ಕಳಿಗೆ ನಾನು ಹೆಚ್ಚು ಹೇಳುವುದು ಚಾಂದ್ ಬೀಬಿಯ ಕಥೆ. ಬಾದಾಮಿ, ಬಾಗಲಕೋಟೆ, ಹುನಗುಂದ ಎಲ್ಲ ಬಿಜಾಪುರದ ಆದಿಲ್ ಶಾಹಿಗಳು ಆಳಿದ ನೆಲ. ಬಾಗಲಕೋಟೆಯನ್ನು ಸುಲ್ತಾನನೊಬ್ಬ ಮಗಳ ಬಳೆ ಖರ್ಚಿಗೆ ಕೊಟ್ಟಿದ್ದ ಎಂಬ ಹೇಳಿಕೆಯೂ ಇದೆ. ಚಾಂದ್ ಬೀಬಿ ಅಹ್ಮದ್‌ನಗರದ ಹುಸೈನ್ ನಿಝಾಮ್ ಶಾಹನ ಮಗಳು. ವಿಜಯನಗರದ ವಿರುದ್ಧ 1565ರ ಯುದ್ಧಕ್ಕೆ ಸುಲ್ತಾನರು ಒಂದಾಗುವಾಗ, ಆ ದೋಸ್ತಿಯ ಗಂಟಾಗಿ ಬಿಜಾಪುರದ ಅಲಿ ಆದಿಲ್ ಶಾಹನಿಗೆ ಅವರನ್ನು ಮದುವೆ ಮಾಡಿಕೊಟ್ಟರು. ಅರಬಿ, ಪಾರ್ಸಿಯ ಜೊತೆ ಕನ್ನಡವೂ ಬರುತ್ತಿತ್ತು ಎನ್ನುತ್ತಾರೆ. 1580ರಲ್ಲಿ ಗಂಡನ ಕೊಲೆಯಾಯಿತು. ಪಟ್ಟಕ್ಕೆ ಬಂದ ಎರಡನೇ ಇಬ್ರಾಹೀಮನಿಗೆ ಒಂಬತ್ತು ವರ್ಷ. ಹುಡುಗನ ಪರವಾಗಿ ಬೀಬಿ ನಿಂತರು. ಮೊದಲು ಕಾಮಿಲ್ ಖಾನ್ ಅಧಿಕಾರ ಕಬಳಿಸಲು ಹೋದ, ಅವನನ್ನು ಕಿಶ್ವರ್ ಖಾನನ ಕೈಯಿಂದ ಇಳಿಸಿದರು. ಆ ಕಿಶ್ವರ್ ಖಾನನೇ ಆಮೇಲೆ ಅವರನ್ನು ಸಾತಾರಾ ಕೋಟೆಗೆ ಸೆರೆಗೆ ಹಾಕಿದ. ಹಬ್ಶಿ ಸರದಾರ ಇಖ್ಲಾಸ್ ಖಾನ್ ಮತ್ತವನ ಜೊತೆಗಾರರು ತಿರುಗಿಬಿದ್ದ ಮೇಲೆ ಬೀಬಿ ಬಿಜಾಪುರಕ್ಕೆ ಮರಳಿದರು. ಇದು ಕಥೆಯ ಮೊದಲ ಅರ್ಧ ಮಾತ್ರ.

ಉಳಿದರ್ಧವನ್ನು ಬಾದಾಮಿಯಲ್ಲಿ ಹೇಳಿದೆ. ಮಕ್ಕಳನ್ನು ಕರೆದುಕೊಂಡು ಅಗಸ್ತ್ಯ ತೀರ್ಥದ ಬದಿಯಿಂದ, ಬಂಡೆ ಸೀಳಿದ ಹಾದಿಯಲ್ಲಿ ಮೇಲಿನ ಕೋಟೆಗೆ ಹತ್ತಿದ್ದೆವು. ಉಸಿರು ಬಿಡಲು ಕೂತಾಗ ಶುರು ಮಾಡಿದೆ. 1595ರ ಡಿಸೆಂಬರಿನಲ್ಲಿ ಅಕ್ಬರನ ಮಗ ಮುರಾದನ ಸೈನ್ಯ ಅಹ್ಮದ್‌ನಗರವನ್ನು ಮುತ್ತಿತು. ತವರಿಗೆ ಮರಳಿದ್ದ ಬೀಬಿ ಕೋಟೆಯೊಳಗೆ. ಬಾದಾಮಿ ಬಂಡೆಯ ಕೋಟೆ, ಇಲ್ಲಿ ಕೆಳಗಿಂದ ತೋಡಲು ಆಗುವುದಿಲ್ಲ. ಅಹ್ಮದ್‌ನಗರದ್ದು ಬಯಲುಕೋಟೆ. ಮೊಘಲರು ಗೋಡೆಯ ಅಡಿಗೆ ಸುರಂಗ ತೋಡಿ ಮದ್ದು ತುಂಬಿದರು. ಅವರ ಪಾಳೆಯದಿಂದಲೇ ಒಬ್ಬ ರಾತ್ರಿ ಬಂದು ಜಾಗ ತಿಳಿಸಿದ. ಒಳಗಿನವರು ನೆಲ ಅಗೆದು ಎರಡು ಸುರಂಗಗಳ ಮದ್ದು ತೆಗೆದರು. ಮೂರನೆಯದನ್ನು ತೆಗೆಯುವ ಮೊದಲೇ ಸಿಡಿಯಿತು. ಸುಮಾರು 50 ಗಜ ಗೋಡೆ ಕುಸಿಯಿತು, ಸರದಾರರು ಓಡಲು ಹೊರಟರು. ಆಗ ಬೀಬಿ ಕವಚ ತೊಟ್ಟು, ಮುಖಕ್ಕೆ ಪರದೆ ಹಾಕಿ, ಬಿಚ್ಚುಗತ್ತಿ ಹಿಡಿದು ಬಿರುಕಿನಲ್ಲಿ ಬಂದು ನಿಂತರು. ಓಡುವವರು ತಿರುಗಿದರು. ಕತ್ತಲಾಗುವವರೆಗೆ ಕಾದಾಟ. ರಾತ್ರಿಯೆಲ್ಲ ನಿಂತು ಗೋಡೆ ಕಟ್ಟಿಸಿದರು. ಬೆಳಿಗ್ಗೆ ಮೊಘಲರು ನೋಡಿದಾಗ ದಾರಿ ಮುಚ್ಚಿತ್ತು. ಬಿಜಾಪುರದಿಂದ ಸುಹೈಲ್ ಖಾನನ ಸೈನ್ಯವೂ ನೆರವಿಗೆ ಹೊರಟಿತ್ತು. ಬೇರಾರ್ ಬಿಟ್ಟುಕೊಟ್ಟು ಒಪ್ಪಂದವಾಯಿತು, ಕೋಟೆ ಉಳಿಯಿತು. ಅಂದಿನಿಂದ ಜನ ಅವರನ್ನು ಬೀಬಿ ಎನ್ನದೆ ಚಾಂದ್ ಸುಲ್ತಾನಾ ಎಂದರು ಎಂದು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

ಗುಂಡು ಮುಗಿದಾಗ ಬಂಗಾರ, ಬೆಳ್ಳಿಯ ನಾಣ್ಯಗಳನ್ನೇ ಫಿರಂಗಿಗೆ ತುಂಬಿದರು ಎಂಬ ಮಾತೂ ಇದೆ. ಇದು ಕಥೆಯ ಕಪಾಟಿಗೆ, ಗೋಡೆ ಕಟ್ಟಿಸಿದ್ದು ಚರಿತ್ರೆಯ ಕಪಾಟಿಗೆ ಎಂದು ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ. ಮಕ್ಕಳಿಗೆ ಬಹಳ ಇಷ್ಟದ ಖೌಲಾ ಬಿಂತ್ ಅಝ್ವರ್ ಕೂಡ ಹಾಗೆಯೇ. ವಾಖಿದಿಯ ಹೆಸರಿನಲ್ಲಿರುವ 'ಫುತೂಹುಶ್ಶಾಮ್'ನಲ್ಲಿ ಆಕೆಯ ಸಾಹಸ ಇದೆ, ಚರಿತ್ರೆಕಾರರು ಅದನ್ನು ಪೂರ್ತಿ ನಂಬುವುದಿಲ್ಲ. ಓದಲಿ, ಯಾವುದು ಯಾವುದೆಂದು ತಿಳಿದು ಓದಲಿ.

ಕೊನೆಯನ್ನು ಹೇಳುವಾಗ ಮಕ್ಕಳ ಮುಖ ಬದಲಾಗುತ್ತದೆ. 1600ರಲ್ಲಿ ಮೊಘಲರು ಮತ್ತೆ ಬಂದರು. ಕೋಟೆ ನಿಲ್ಲದು ಎಂದು ಕಂಡು ಬೀಬಿ ಸಂಧಾನದ ಯೋಚನೆ ಹೇಳಿದರು. ಒಬ್ಬ ಸರದಾರ ಬೀದಿಗೆ ಹೋಗಿ, ಬೀಬಿ ಶತ್ರುಗಳಿಗೆ ಮಾರಿಕೊಂಡಿದ್ದಾರೆ ಎಂದು ಕೂಗಿದ. ಜನ ವಿಚಾರಿಸಲಿಲ್ಲ. ಒಳಗೆ ನುಗ್ಗಿ ಕೊಂದರು. ಕೆಲವೇ ವಾರಗಳಲ್ಲಿ ಕೋಟೆ ಬಿತ್ತು. "ಗೋಡೆ ಬಿದ್ದಾಗ ಜೊತೆಗೆ ನಿಂತವರೇ ಕೊಂದ್ರಾ?" ಎಂದು ಒಬ್ಬಳು ಕೇಳಿದಳು. ಸುದ್ದಿ ತಂದವನನ್ನು ಮೊದಲು ಪರಿಶೀಲಿಸಿ ಎಂಬ ಸೂರಃ ಹುಜುರಾತಿನ 6ನೇ ಆಯತನ್ನು ಆ ದಿನ ಬಾದಾಮಿಯಲ್ಲೇ ಕಲಿಸಿದೆ. ಹುನಗುಂದದ ಬಾಪ್ಪನಿಗೆ ಇದನ್ನೇ ಹೇಳಿದಾಗ ಬೇರೆ ಮಾತು ಬೇಕಾಗಲಿಲ್ಲ. ಬಸ್ಸಿನ ಸುದ್ದಿ ತಂದವರು ಯಾರು, ಅವರು ಏನು ಓದಿದ್ದರು ಎಂದಷ್ಟೇ ಕೇಳಿದ್ದೆ. ಹುಡುಗಿ ಡಿಗ್ರಿಗೆ ಅರ್ಜಿ ಹಾಕಿದ್ದಾಳೆ.

ಚಾಂದ್ ಬೀಬಿಯ ಬಗ್ಗೆ ಕಾದಂಬರಿಯೂ ಇದೆ. ಹುನಗುಂದದಿಂದ ಕೃಷ್ಣೆಯ ಆಚೆ, ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಬರೆದ 'ಎ ನೋಬಲ್ ಕ್ವೀನ್', ಅವನು ತೀರಿದ ಮೇಲೆ 1878ರಲ್ಲಿ ಬಂದದ್ದು. ಸುರಪುರದ ಟೇಲರ್ ಮಂಝಿಲ್ ಅವನದೇ ಮನೆ. ಟಿಪ್ಪು ಸುಲ್ತಾನರ ವಂಶದ ನೂರ್ ಇನಾಯತ್ ಖಾನರ ಜೀವನವನ್ನು ಶ್ರಾಬಣಿ ಬಸು ಬರೆದಿದ್ದಾರೆ. ನಾಝಿಗಳು ಹಿಡಿದಿದ್ದ ಪ್ಯಾರಿಸಿನಿಂದ ರೇಡಿಯೋದಲ್ಲಿ ಸಂದೇಶ ಕಳಿಸುತ್ತಿದ್ದ, 1944ರ ಸೆಪ್ಟೆಂಬರ್ 13ರಂದು ದಾಖೌ ಶಿಬಿರದಲ್ಲಿ 30ರ ಪ್ರಾಯದಲ್ಲಿ ಗುಂಡಿಗೆ ಬಲಿಯಾದ ಹೆಣ್ಣುಮಗಳು. ಮಗಳು ಸೆಹಮತ್ ಓದಿ ಮುಗಿಸಿದ್ದರೆ ಮುಂದಿನ ಪುಸ್ತಕವಾಗಿ ಇದನ್ನು ಕೊಡಿಸಿ.

ಹಾಗೆಂದು ಥ್ರಿಲ್ಲರ್ ಎಂಬ ಹೆಸರಿನಲ್ಲಿ ಬರುವುದೆಲ್ಲ ಒಳ್ಳೆಯದಲ್ಲ. ಹೆಣ್ಣಿಗೆ ಪಿಸ್ತೂಲು ಕೊಟ್ಟು, ಪುಟಕ್ಕೊಂದು ಹೆಣ ಬೀಳಿಸಿ, ನಡುವೆ ಅಶ್ಲೀಲ ತುಂಬಿ ಅದನ್ನೇ ಧೈರ್ಯ ಎನ್ನುವ ಪುಸ್ತಕಗಳು ಬೇಕಷ್ಟಿವೆ. ಮೊದಲ ಐವತ್ತು ಪುಟ ಮನೆಯ ದೊಡ್ಡವರು ಓದಲಿ, ಗೊತ್ತಾಗುತ್ತದೆ. ಓದಲು ಬಾರದ ಉಮ್ಮಂದಿರು ಮಗಳಿಂದ ಓದಿಸಿ ಕೇಳಲಿ. ಮೊಬೈಲಿನಲ್ಲಿ ಬರುವ ಪಿಡಿಎಫ್‌ಗಿಂತ ಊರಿನ ಲೈಬ್ರರಿಯ ಪುಸ್ತಕ ಎಷ್ಟೋ ವಾಸಿ, ಮಧ್ಯೆ ಇನ್ನೊಂದು ಬಂದು ಎಳೆಯುವುದಿಲ್ಲ.

ನವನಗರದ ಮನೆಯಲ್ಲಿ ಇದ್ದ ತಕರಾರು ಬೇರೆಯೇ. ಅಲ್ಲಿ ಪುಸ್ತಕದ ಬಗ್ಗೆ ಆಕ್ಷೇಪ ಇರಲಿಲ್ಲ, ಹುಡುಗಿ ರಾತ್ರಿ ಎರಡರವರೆಗೆ ಓದಿ ಸುಬಹ್ ನಮಾಝ್ ತಪ್ಪಿಸುತ್ತಿದ್ದಳು. ಬೇಗ ಓಡುವ ಕಥೆಯ ನಿಜವಾದ ತೊಂದರೆ ಇದೇ, ನಿಲ್ಲಿಸಲು ಬಿಡುವುದಿಲ್ಲ. ಇಶಾ ಆದ ಮೇಲೆ ಒಂದು ಗಂಟೆ, ಎಷ್ಟೇ ರೋಚಕ ಜಾಗದಲ್ಲಿದ್ದರೂ ಹತ್ತೂವರೆಗೆ ಪುಸ್ತಕ ಉಮ್ಮನ ಕೈಗೆ ಎಂದು ನಿಯಮ ಮಾಡಿಕೊಟ್ಟೆ. ಮೊದಲ ವಾರ ಜಗಳವಾಯಿತಂತೆ. ಈಗ ನಡೆಯುತ್ತಿದೆ.